ಕಾಲಂಗುಲದ ಲೆಕ್ಕ

ದೊಡ್ಡಬಳ್ಳಾಪುರದ ಓಣಿಗಳಲ್ಲಿ ಬೆಳಗಿನಿಂದ ಬೈಗಿನವರೆಗೂ ಕೇಳಿಬರುವ ವಿದ್ಯುನ್ಮಗ್ಗಗಳ ಸದ್ದಿಗೆ ಕಿವಿಗೊಟ್ಟವರು, ಅಲ್ಲಿ ನೇಯ್ದ ರೇಷ್ಮೆಸೀರೆ ಯಾವ ಪೇಟೆಗೆ ಹೋಯಿತೆಂದು ವಿಚಾರಿಸುವುದುಂಟು. ಆ ಸೀರೆಯ ರವಿಕೆ ಹೊಲಿದ ದರ್ಜಿಯ ಕಾಲಡಿಯಲ್ಲಿ ಉಳಿದ, ಅಂಗೈಗಿಂತಲೂ ಕಿರಿದಾದ ಚೂರುಗಳು ಏನಾದುವೆಂದು ವಿಚಾರಿಸುವವರು ವಿರಳ. ಅದೇ ಊರ ಹೊರವಲಯದ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಂತೂ, ಬಟ್ಟೆಯನ್ನು ಪದರದ ಮೇಲೆ ಪದರವಾಗಿ ಹಾಸಿ ಒಮ್ಮೆಗೇ ಕತ್ತರಿಸುವುದರಿಂದ, ತೋಳು ಕತ್ತುಗಳ ವಕ್ರರೇಖೆಗಳ ನಡುವೆ ಸಿಕ್ಕಿದ ತುಂಡುಗಳು ರಾಶಿಬೀಳುತ್ತವೆ. ನೂರಕ್ಕೆ ಸುಮಾರು 15 ಪಾಲು ಹೀಗೆ ಪೋಲಾಗುವುದೆಂಬುದು ಆ ಉದ್ಯಮದಲ್ಲಿ ರೂಢಿಯಾದ ಅಂದಾಜು. ಹತ್ತಿಯದಾದರೆ ಗ್ಯಾರೇಜುಗಳಲ್ಲಿ ಎಣ್ಣೆ ಒರೆಸುವ ವೇಸ್ಟ್ ಆಗುವುದು, ಇಲ್ಲವೇ ದಿಂಬಿನ ಒಡಲು ಸೇರುವುದು. ಮಿಶ್ರನೂಲಿನದು ಬಹುಮಟ್ಟಿಗೆ ಕಸವೇ ಸರಿ.

ಇಂಥ ಚೂರುಗಳಿಂದ ಹೊದಿಕೆ ಮಾಡಬಹುದೆಂದು ಹೇಳುವುದು ಸುಲಭ. ಆದರೆ ಅಂಚಿಗೆ ಅಂಚು ಸೇರಿಸಿ ಹೊಲಿಯುವ ಕ್ರಮದಲ್ಲಿ ಪ್ರತಿ ಮಗ್ಗುಲಿಗೂ ಕಾಲಂಗುಲ ಹೊಲಿಗೆಯೊಳಗೆ ಅಡಗಿಹೋಗುತ್ತದೆಯಾದುದರಿಂದ, 5 ಅಂಗುಲದ ಚೌಕದಲ್ಲಿ ಐದನೆಯ ನಾಲ್ಕು ಪಾಲು ಬಟ್ಟೆ ಕಣ್ಣಿಗೆ ಬಿದ್ದರೆ, 1 ಅಂಗುಲದ ಚೌಕದಲ್ಲಿ ಕಾಣುವುದು ನಾಲ್ಕನೆಯ ಒಂದೇ ಪಾಲು. ಮುಕ್ಕಾಲು ಬಟ್ಟೆಯನ್ನು ನುಂಗುವ ಈ ಮಿತವ್ಯಯವನ್ನು ಏನೆಂದು ಕರೆಯೋಣ?

ನಮ್ಮ ಕೌದಿಯ ಕ್ರಮ ಬೇರೆ. ಹಳೆಯ ಸೀರೆಯನ್ನೋ ಪಂಚೆಯನ್ನೋ ಮೊದಲು ತಳಹದಿಯಾಗಿ ಹಾಸಿ, ಅದರ ಮೇಲೆ ಚೂರುಗಳನ್ನಿರಿಸಿ, ಎಲ್ಲ ಪದರಗಳನ್ನೂ ದಾಟಿ ಸಾಲುಸಾಲಾಗಿ ದಾರವನ್ನೋಡಿಸುವುದರಿಂದ, ಒಂದರ ಅಂಚನ್ನು ಮತ್ತೊಂದು ಮುಚ್ಚುತ್ತದೆ, ನಾಲ್ಕು ಮಗ್ಗುಲನ್ನೂ ಮಡಿಸಬೇಕಾದ ಕಷ್ಟವಿಲ್ಲ; ಭಾರವನ್ನು ಹೊರುವುದು ತಳದ ಬಟ್ಟೆಯೇ ಹೊರತು ಚೂರಲ್ಲ. ಈ ವಿದ್ಯೆಯ ಪರಾಕಾಷ್ಠೆಯನ್ನು ನೋಡಬೇಕೆಂಬವರು ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಾಡಂಚಿನಲ್ಲಿ ನೆಲಸಿದ ಸಿದ್ದಿ ಸ್ತ್ರೀಯರ, ಕವಂದಿಯೆಂದು ಕರೆಯುವ ಕೌದಿಗಳನ್ನು ನೋಡಬೇಕು. ಆಫ್ರಿಕದಿಂದ ತರಲ್ಪಟ್ಟು, ಪೋರ್ಚುಗೀಸರ ಗೋವೆಯ ದಾಸ್ಯದಿಂದ ತಪ್ಪಿಸಿಕೊಂಡು ಬಂದವರ ಸಂತತಿಯೂ ಇರುವ ಈ ಜನರಲ್ಲಿ ಹೆಂಗಸರು ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಸುತ್ತಲೂ ಹೊಲಿಯುತ್ತ ಒಳಮುಖವಾಗಿ ಸಾಗಿ ನಡುವಿನಲ್ಲಿ ಮುಗಿಸುತ್ತಾರೆ. ಮೊದಲೇ ಗೆರೆಯೆಳೆದ ನಕ್ಷೆಯಿಲ್ಲ. ಕೈಗೆ ಬಂದ ಚೂರಿನ ಆಕಾರವೇ ಮುಂದಿನ ಚೂರಿನ ಸ್ಥಾನವನ್ನು ನಿಶ್ಚಯಿಸುತ್ತದೆ. ನಾಲ್ಕು ಮೂಲೆಗಳಿಗೂ ಮಡಿಸಿದ ತ್ರಿಕೋನದ ತುಂಡುಗಳನ್ನು, ಫುಲಾಗಳನ್ನು, ಸೇರಿಸದೆ ಬಿಟ್ಟರೆ ಕವಂದಿ ಬೆತ್ತಲೆಯೆಂದೇ ಅವರ ಭಾವನೆ. ವಿದ್ವಾಂಸ ಹೆನ್ರಿ ಡ್ರೂವಾಲರ ಪರಿಶ್ರಮದಿಂದ ಇವು 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿತವಾದುವು.

ಚೂರಿಗೆ ಗೌರವ ಸಂದದ್ದು ಇದೇ ಮೊದಲೇನಲ್ಲ: ಮಗಧದ ಗದ್ದೆಗಳ ಬದುಗಳನ್ನು ತೋರಿಸಿ, ಭಿಕ್ಷುಗಳ ಚೀವರವನ್ನು ಅದೇ ವಿನ್ಯಾಸದಲ್ಲಿ ತುಂಡುತುಂಡಾಗಿ ಜೋಡಿಸುವಂತೆ ಬುದ್ಧನು ಆನಂದನಿಗೆ ಸೂಚಿಸಿದನೆಂದು ವಿನಯಪಿಟಕ ಹೇಳುತ್ತದೆ.

ದೊಡ್ಡಬಳ್ಳಾಪುರದ ಚೂರುಗಳಿಗೆ ಕೌದಿಯ ಕ್ರಮವನ್ನು ಅನ್ವಯಿಸಬೇಕೆನ್ನುವವರು ಬಟ್ಟೆಯ ಜಾತಿಯನ್ನರಿತಿರಬೇಕು. ಹತ್ತಿ ಒಗೆತಕ್ಕೆ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗದು. ಒಗೆಯದೆ ಎರಡನ್ನೂ ಜೊತೆಗಿಟ್ಟು ಹೊಲಿದರೆ ಮೊದಲನೆಯ ಒಗೆತಕ್ಕೇ ಹೊದಿಕೆ ಸುಕ್ಕುಗಟ್ಟುತ್ತದೆ. ರೇಷ್ಮೆ ಜಾರುತ್ತದೆ, ಅಂಚಿನಲ್ಲಿ ನೂಲು ಬಿಡುತ್ತದೆ. ಆದುದರಿಂದ ಅದನ್ನು ತುಸು ಹೆಚ್ಚು ಮಡಿಸಿ, ಹೊಲಿಗೆಯನ್ನು ಒತ್ತಾಗಿ ಹಾಕಬೇಕು. ಜರಿಯ ತುಂಡು ಮೈಗೆ ಚುಚ್ಚುವುದರಿಂದ ಅದು ಗೋಡೆಗೆ ತೂಗುಹಾಕುವ ಚಿತ್ರಕ್ಕೋ ಕೈಚೀಲಕ್ಕೋ ಯೋಗ್ಯ. ಶೋಭೆಗೆಂದು ಮಗುವಿನ ಹೊದಿಕೆಗೆ ಜರಿ ಹಚ್ಚುವವರು ಒಂದು ರಾತ್ರಿ ತಾವೇ ಅದನ್ನು ಹೊದ್ದು ನೋಡುವುದು ಲೇಸು.