ಕೈ ನಡುಗುವವರ ಕಾಲನ್ನೂ ನೋಡಿ

ಕಾಫಿ ಲೋಟ ಹಿಡಿದ ಕೈ ನಡುಗಿದರೆ ನಮ್ಮ ಜನ ಕೂಡಲೇ ಹೇಳುವ ಕಾರಣ ಎರಡು: ಕುಡಿತ, ಇಲ್ಲವೇ ಹೆದರಿಕೆ. ವಯಸ್ಸಾದವರಾದರೆ ಪಾರ್ಕಿನ್‌ಸನ್ ಕಾಯಿಲೆಯ ಭಯ. ಥೈರಾಯಿಡ್ ದೋಷದಿಂದಲೂ ಆಸ್ತಮಾದ ಕೆಲವು ಔಷಧಿಗಳಿಂದಲೂ ಕೈ ನಡುಗುವುದುಂಟು. ಆದರೆ ವಂಶದಲ್ಲಿ ಹರಿದುಬರುವ ನರದೋಷವೊಂದು ಇದೇ ತೊಂದರೆ ಕೊಡಬಲ್ಲದೆಂಬುದು ಬಹಳ ಜನಕ್ಕೆ ತಿಳಿಯದು.

ಅದರ ಹೆಸರು ಶಾರ್ಕೋ-ಮಾರೀ-ಟೂತ್ ಕಾಯಿಲೆ. 1886ರಲ್ಲಿ ಇದನ್ನು ವರ್ಣಿಸಿದ ಮೂವರು ವೈದ್ಯರ ಹೆಸರುಗಳಿವು. ಹಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಸುಮಾರು 2,500 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆಂದು ಅಂದಾಜು. ಮೊದಲು ಕೆಡುವುದು ಕಾಲು. ಮೀನಖಂಡ ಸಣ್ಣಗಾಗುತ್ತದೆ, ಅಂಗಾಲು ಕಮಾನಿನಂತೆ ಬಾಗುತ್ತದೆ, ಪದೇ ಪದೇ ಪಾದ ಉಳುಕುತ್ತದೆ, ನಡೆಯುವಾಗ ಚಪ್ಪಲಿ ಕಳಚಿಹೋಗುತ್ತದೆ. ಕೈಗಳ ಸರದಿ ಆಮೇಲೆ.

ನರವನ್ನು ವಿದ್ಯುತ್ ತಂತಿಗೆ ಹೋಲಿಸುವುದಾದರೆ, ಈ ಕಾಯಿಲೆಯ ಸಾಮಾನ್ಯ ಬಗೆಯಲ್ಲಿ ಕೆಟ್ಟಿರುವುದು ತಂತಿಯ ಮೇಲಿನ ಹೊದಿಕೆ. 17ನೆಯ ವರ್ಣತಂತುವಿನ ಒಂದು ತುಣುಕು ಎರಡೆರಡು ಬಾರಿ ಇರುವುದೇ ಇದಕ್ಕೆ ಕಾರಣವೆಂದು 1991ರಲ್ಲಿ ಗೊತ್ತಾಯಿತು. ಆರೋಗ್ಯವಂತರ ಕೈಯ ನರದಲ್ಲಿ ಸಂದೇಶ ಸೆಕೆಂಡಿಗೆ ಸುಮಾರು 50 ಮೀಟರು ಅಥವಾ ಹೆಚ್ಚು ವೇಗದಲ್ಲಿ ಓಡಿದರೆ, ಇವರಲ್ಲಿ ಸಾಮಾನ್ಯವಾಗಿ 38ಕ್ಕಿಂತ ಕಡಿಮೆ.

ಇನ್ನು ನಡುಕದ ವಿಚಾರ. 1926ರಲ್ಲಿ ಫ್ರಾನ್ಸಿನ ರೂಸಿ ಮತ್ತು ಲೆವಿ ಎಂಬ ವೈದ್ಯರು ಕೈನಡುಕ, ತಡವರಿಸುವ ನಡಿಗೆ ಎರಡೂ ಇದ್ದ ಕುಟುಂಬವೊಂದನ್ನು ಕಂಡು, ಇದು ಬೇರೆಯೇ ಕಾಯಿಲೆ ಎಂದುಕೊಂಡರು. 1999ರಲ್ಲಿ ಅದೇ ಕುಟುಂಬದವರ ವಂಶವಾಹಿ ಪರೀಕ್ಷೆಯಾದಾಗ, ನರದ ಹೊದಿಕೆಯ ಪ್ರೋಟೀನೊಂದರ ದೋಷ ಪತ್ತೆಯಾಯಿತು. ಅಂದರೆ, ಹಳೆಯ ಕಾಯಿಲೆಯದೇ ಇನ್ನೊಂದು ರೂಪ.

ನಡುಕವನ್ನು ಅಳೆಯುವ ವಿಧಾನ ಸ್ವಾರಸ್ಯವಾಗಿದೆ. ಕೈ ಮುಂದೆ ಚಾಚಿಸಿ, ಮುಂಗೈ ಮೇಲೆ ಪುಟ್ಟ ಸಂವೇದಕ ಅಂಟಿಸಿ, ಸೆಕೆಂಡಿಗೆ ಎಷ್ಟು ಬಾರಿ ನಡುಗುತ್ತದೆಂದು ದಾಖಲಿಸುತ್ತಾರೆ. ಬಳಿಕ ಕೈಗೆ ಸ್ವಲ್ಪ ಭಾರ ಕಟ್ಟುತ್ತಾರೆ. ಭಾರಕ್ಕೆ ವೇಗ ತಗ್ಗಿದರೆ ನಡುಕದ ಮೂಲ ಕೈಯಲ್ಲೇ ಇದೆ. ತಗ್ಗದಿದ್ದರೆ ಅದರ ತಾಳ ಮಿದುಳಿನಿಂದ ಬರುತ್ತಿದೆ ಎಂದು ಊಹೆ. ಸಂದೇಶ ತಡವಾಗಿ ತಲುಪುವುದರಿಂದಲೇ ಕೈ ನಡುಗುತ್ತದೆ ಎಂದುಬಿಡಬಹುದಿತ್ತು. ಆದರೆ ಅಷ್ಟೇ ನಿಧಾನದ ನರಗಳಿದ್ದೂ ಕೈ ನಡುಗದವರು ಎಷ್ಟೋ ಮಂದಿ! ಕಿರುಮಿದುಳಿನ ಮೇಲೆ ಅನುಮಾನವಿತ್ತು. 2015ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನದಲ್ಲಿ ಅದಕ್ಕೆ ಪುರಾವೆ ಸಿಗಲಿಲ್ಲ.

ಮೂಲ ಕಾಯಿಲೆಯನ್ನು ವಾಸಿಮಾಡುವ ಮದ್ದಿಲ್ಲ. ವಿಟಮಿನ್ ಸಿ ಮಾತ್ರೆಯ ಮೇಲೆ ಇಟ್ಟಿದ್ದ ಭರವಸೆ ಪ್ರಯೋಗಗಳಲ್ಲಿ ಸುಳ್ಳಾಯಿತು. ನಡುಕಕ್ಕೆ ಪ್ರೊಪ್ರನೊಲಾಲ್ ಕೊಟ್ಟು ನೋಡುವುದುಂಟು. ಆಸ್ತಮಾ ಇರುವವರಿಗೆ ಅದು ಸಲ್ಲದು, ಅಂಗಡಿಯಿಂದ ತಾವೇ ತಂದು ನುಂಗಬಾರದು. ದಪ್ಪ ಹಿಡಿಯ ಪೆನ್ನು, ಮುಚ್ಚಳವಿರುವ ಲೋಟ, ಪಾದಕ್ಕೆ ಆಸರೆಯ ಪಟ್ಟಿ, ವ್ಯಾಯಾಮ ಚಿಕಿತ್ಸೆ ಇವುಗಳಿಂದ ನಿತ್ಯದ ಬದುಕು ಹಗುರಾಗುತ್ತದೆ.

ಸಾಮಾನ್ಯ ಬಗೆಯಲ್ಲಿ ತಂದೆ ಅಥವಾ ತಾಯಿಗೆ ಕಾಯಿಲೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧದಷ್ಟು. ಆದ್ದರಿಂದ ವೈದ್ಯರಲ್ಲಿಗೆ ಹೋದಾಗ ಕೈ ಮಾತ್ರ ತೋರಿಸದೆ ಚಪ್ಪಲಿ ಕಳಚಿ ಪಾದವನ್ನೂ ತೋರಿಸಿ, ಮನೆಯಲ್ಲಿ ಬೇರೆ ಯಾರಿಗೆ ಇಂಥ ಕಾಲಿದೆ ಎಂಬುದನ್ನು ಹೇಳಿ. ಮುಂದೆಂದಾದರೂ ಕ್ಯಾನ್ಸರ್ ಚಿಕಿತ್ಸೆ ಬೇಕಾದರೆ ಈ ವಿಷಯ ಮುಚ್ಚಿಡಬೇಡಿ: ವಿನ್‌ಕ್ರಿಸ್ಟೀನ್ ಎಂಬ ಔಷಧಿ ಇವರ ನರಗಳನ್ನು ತೀವ್ರವಾಗಿ ಕೆಡಿಸಬಲ್ಲದು.