ಮಕ್ಕಳಿರುವ ಮನೆಯ ಬಚ್ಚಲು

ಮನೆ ಕಟ್ಟಿಸುವವರು ನಡುಮನೆಯ ಅಂದಚೆಂದಕ್ಕೆ ಕೊಡುವ ಗಮನದ ಹತ್ತರಲ್ಲೊಂದು ಪಾಲನ್ನೂ ಬಚ್ಚಲುಮನೆಗೆ ಕೊಡುವುದಿಲ್ಲ. ಆದರೆ ನೀರು, ಬೆಂಕಿ, ವಿದ್ಯುತ್ತು ಈ ಮೂರೂ ಬರಿಮೈಯ ಮನುಷ್ಯನ ಸಮೀಪದಲ್ಲಿ ಒಟ್ಟುಗೂಡುವ ಸ್ಥಳ ಮನೆಯಲ್ಲಿ ಅದೊಂದೇ. ಅಲ್ಲಿಗೆ ಎರಡು ವರ್ಷದ ಮಗುವೊಂದು ಕಾಲಿಟ್ಟರೆ ಏನೇನು ಸಂಭವಿಸಬಹುದು, ಅದನ್ನು ತಡೆಯುವ ಬಗೆ ಹೇಗೆ ಎಂಬುದನ್ನು ಭೌತವಿಜ್ಞಾನದ ದೃಷ್ಟಿಯಿಂದ ವಿಚಾರಿಸೋಣ.

ಬಿಸಿನೀರಿನಿಂದಲೇ ಪ್ರಾರಂಭಿಸುವುದು ಯುಕ್ತ. ಚರ್ಮ ಸುಡುವುದು ನೀರಿನ ಉಷ್ಣತೆಯೊಂದನ್ನೇ ಅವಲಂಬಿಸಿಲ್ಲ. ಆ ನೀರು ಎಷ್ಟು ಹೊತ್ತು ಚರ್ಮಕ್ಕೆ ತಗುಲಿತೆಂಬುದೂ ಅಷ್ಟೇ ಮುಖ್ಯ. ಅಮೆರಿಕದ ಮಾರಿಟ್ಸ್ ಮತ್ತು ಹೆನ್ರಿಕೆಸ್ ಎಂಬ ವಿಜ್ಞಾನಿಗಳು 1947ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಸಂಬಂಧವನ್ನು ಸ್ಪಷ್ಟಪಡಿಸಿದುವು. 44 ಡಿಗ್ರಿ ಸೆಂಟಿಗ್ರೇಡಿನ ನೀರು ಚರ್ಮವನ್ನು ಕೆಡಿಸಲು ಕೆಲವು ಗಂಟೆಗಳೇ ಬೇಕು. ಅಲ್ಲಿಂದ 51 ಡಿಗ್ರಿಯವರೆಗೆ ಒಂದೊಂದು ಡಿಗ್ರಿ ಏರಿದಂತೆಲ್ಲ ಬೇಕಾಗುವ ಕಾಲವು ಹೆಚ್ಚುಕಡಿಮೆ ಅರ್ಧರ್ಧವಾಗುತ್ತ ಹೋಗುವುದು. 60 ಡಿಗ್ರಿಯಲ್ಲಿ ಸುಮಾರು 5 ಸೆಕೆಂಡುಗಳೇ ಸಾಕು! ಇದು ವಯಸ್ಕರ ಮಾತು. ಮಗುವಿನ ಚರ್ಮ ತೆಳುವಾದುದರಿಂದ ಅದಕ್ಕೆ ಇನ್ನೂ ಕಡಿಮೆ ಕಾಲ ಸಾಕು. ಅಲ್ಲದೆ ದೊಡ್ಡವರು ತಟ್ಟನೆ ಹಿಂದೆ ಸರಿಯುವರು; ಮಗುವು ನಿಂತಲ್ಲೇ ನಿಂತು ಚೀರುವುದು.

ಈ ಲೇಖನಕ್ಕಾಗಿ ನಾವು ನಮ್ಮ ಮನೆಯ ಗೀಸರಿನ ನೀರನ್ನು ಗಾಜಿನ ಉಷ್ಣಮಾಪಕದಿಂದ ಅಳೆದೆವು. 63 ಡಿಗ್ರಿ ಇದ್ದಿತು! ವರ್ಷವರ್ಷವೂ ತರಗತಿಯಲ್ಲಿ ಉಷ್ಣದ ಪಾಠ ಹೇಳುವವರ ಮನೆಯ ಸ್ಥಿತಿ ಇದು. ಹಾಗೆಂದು ಗುಂಡಿಯನ್ನು ತೀರ ಇಳಿಸಿ, ತೊಟ್ಟಿಯಲ್ಲಿ ನೀರನ್ನು ದಿನಗಟ್ಟಲೆ ಉಗುರುಬೆಚ್ಚಗೆ ನಿಲ್ಲಿಸುವುದೂ ತರವಲ್ಲ. ಅಂಥ ನೀರಿನಲ್ಲಿ ಲೀಜಿಯೊನೆಲ್ಲ ಎಂಬ ರೋಗಾಣು ಬೆಳೆಯಬಲ್ಲುದು. ತೊಟ್ಟಿಯಲ್ಲಿ ನೀರು ಬಿಸಿಯಾಗಿದ್ದು, ನಲ್ಲಿಗೆ ಬರುವ ಮುನ್ನ ತಣ್ಣೀರಿನೊಡನೆ ತಾನಾಗಿ ಬೆರೆಯುವಂತೆ ಮಾಡುವ ಕವಾಟಗಳು ದೊರೆಯುತ್ತವೆ. ಅವಿಲ್ಲದ ಮನೆಯಲ್ಲಿ ಬಕೀಟಿನಲ್ಲಿಯೇ ಬೆರಸಬೇಕು.

ಬೆರಸುವ ಲೆಕ್ಕ ಸುಲಭ. ಬಿಸಿನೀರು ಕಳೆದುಕೊಂಡ ಶಾಖವೇ ತಣ್ಣೀರು ಪಡೆದ ಶಾಖ. 60 ಡಿಗ್ರಿಯ 9 ಲೀಟರು, 20 ಡಿಗ್ರಿಯ 11 ಲೀಟರು ಸೇರಿದರೆ 38 ಡಿಗ್ರಿಯ 20 ಲೀಟರು ನೀರಾಗುವುದು. ಮಗುವಿನ ಸ್ನಾನಕ್ಕೆ ಇದು ಹಿತಕರ. ಆದರೆ ಯಾವುದನ್ನು ಮೊದಲು ಹೊಯ್ಯಬೇಕು? ತಣ್ಣೀರನ್ನೇ. ಬಿಸಿನೀರು ತುಂಬಿದ ಬಕೀಟನ್ನು ಬಿಟ್ಟು ತಾಯಿ ಟವಲು ತರಲು ಹೋದ ಅರೆನಿಮಿಷದಲ್ಲಿ ಮಗು ಕೈಹಾಕಿರುತ್ತದೆ. ಇಲ್ಲಿ ಇನ್ನೊಂದು ತೊಡಕಿದೆ. ಬಿಸಿನೀರಿನ ಸಾಂದ್ರತೆ ಕಡಿಮೆ. ತಣ್ಣೀರಿನ ಮೇಲೆ ನಿಧಾನವಾಗಿ ಹೊಯ್ದರೆ ಅದು ಮೇಲೆಯೇ ಪದರವಾಗಿ ನಿಲ್ಲುವುದು. ಚೆಂಬು ಮೊದಲು ಮೊಗೆಯುವುದು ಆ ಪದರವನ್ನೇ! ಆದುದರಿಂದ ತಳದವರೆಗೆ ಚೆನ್ನಾಗಿ ಕಲಕಿ, ಅನಂತರ ಮುಟ್ಟಿ ನೋಡಬೇಕು. ಮುಟ್ಟುವುದು ಅಂಗೈಯಿಂದಲ್ಲ, ಮೊಣಕೈಯಿಂದ. ಕೂಸಿಗೆ ನೀರೆರೆಯುವ ಅಜ್ಜಿಯರ ಅಂಗೈ ಒಲೆಯ ಮುಂದೆ ದಡ್ಡುಗಟ್ಟಿರುತ್ತದೆ. ಅವರಿಗೆ ಹಿತವೆನಿಸಿದ ನೀರು ಕೂಸಿಗೆ ಸುಡುನೀರಾಗಬಹುದು.

ಬಕೀಟಿನ ಅಪಾಯ ಬಿಸಿಯೊಂದೇ ಅಲ್ಲ. ಹುಟ್ಟಿದ ಮಗುವಿನ ತಲೆ ದೇಹದ ಉದ್ದದ ಕಾಲುಭಾಗದಷ್ಟಿರುವುದು. ನಡೆಯಲು ಕಲಿತ ಮೇಲೂ ಅದರ ಗುರುತ್ವಕೇಂದ್ರ ನಮ್ಮದಕ್ಕಿಂತ ಮೇಲಿರುವುದು. ಆಟಿಕೆಯನ್ನೆತ್ತಲು ಅಂಚಿನ ಮೇಲೆ ಬಗ್ಗಿದಾಗ ಗುರುತ್ವಕೇಂದ್ರವು ಅಂಚನ್ನು ದಾಟಿದರೆ ಮಗು ತಲೆಕೆಳಗಾಗಿ ಒಳಗೆ ಬೀಳುವುದು. ನೀರು ತುಂಬಿದ ಬಕೀಟು ಭಾರವಾದುದರಿಂದ ಮಗುವಿನೊಡನೆ ಉರುಳಿಬಿದ್ದು ಅದನ್ನು ಉಳಿಸುವುದೂ ಇಲ್ಲ. ಐದಾರು ಸೆಂಟಿಮೀಟರು ನೀರಿನಲ್ಲಿಯೂ ಪುಟ್ಟ ಮಗು ಮುಳುಗಿ ಸಾಯಬಲ್ಲುದು, ಅದೂ ಸದ್ದಿಲ್ಲದೆ. ಸ್ನಾನವಾದೊಡನೆ ಬಕೀಟನ್ನು ಬರಿದುಮಾಡಿ ಬೋರಲು ಹಾಕುವುದಕ್ಕೆ ಕಾಸೂ ಖರ್ಚಿಲ್ಲ.

ಇನ್ನು ವಿದ್ಯುತ್ತು. ಒದ್ದೆಯಾದಾಗ ದೇಹದ ರೋಧವು ಸುಮಾರು 1000 ಓಮಿಗೆ ಇಳಿಯಬಹುದು. ಓಮನ ನಿಯಮದಂತೆ 230 ವೋಲ್ಟು ಅದರಲ್ಲಿ 230 ಮಿಲಿಆಂಪೇರು ಹರಿಸುವುದು; ಹೃದಯದ ಲಯವನ್ನು ಕೆಡಿಸಲು ಅದರ ಅರ್ಧವೂ ಬೇಡ. ಹೋಗುವ ತಂತಿಯ ಪ್ರವಾಹವನ್ನೂ ಮರಳುವ ತಂತಿಯ ಪ್ರವಾಹವನ್ನೂ ಸದಾ ಹೋಲಿಸುತ್ತ, ವ್ಯತ್ಯಾಸ 30 ಮಿಲಿಆಂಪೇರು ಮುಟ್ಟುವಷ್ಟರಲ್ಲಿ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುವ ರಕ್ಷಕ ಸ್ವಿಚ್ಚು ಈಗ ಎಲ್ಲೆಡೆ ಸಿಗುತ್ತದೆ. ಅದನ್ನು ಹಾಕಿಸಬೇಕು, ಭೂಸಂಪರ್ಕದ ತಂತಿಯನ್ನೂ ಬಿಡಬಾರದು. ಬಕೀಟಿನಲ್ಲಿ ಇಳಿಬಿಡುವ ಕಾಯಿಸುವ ಸರಳು ಮಕ್ಕಳಿರುವ ಮನೆಗೆ ಬೇಡವೇ ಬೇಡ ಎಂದು ನಮ್ಮ ಅಭಿಪ್ರಾಯ.

ಗ್ಯಾಸ್ ಗೀಸರು ಇನ್ನೂ ಕಪಟಿ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಉರಿದರೆ ಆಮ್ಲಜನಕ ಸಾಲದೆ ಕಾರ್ಬನ್ ಮಾನಾಕ್ಸೈಡು ಹುಟ್ಟುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಮಡಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವುದು. ಒಳಗಿರುವವರಿಗೆ ತಲೆ ಸುತ್ತುವುದಷ್ಟೇ ಗೊತ್ತು. ಚಿಲಕ ತೆಗೆಯುವ ಶಕ್ತಿ ಉಳಿದಿರುವುದಿಲ್ಲ. ಈ ಯಂತ್ರ ಬಚ್ಚಲಿನ ಹೊರಗೆ, ಬಯಲುಗಾಳಿಯಲ್ಲಿರಬೇಕು. ಬಿಸಿನೀರು ಮಾತ್ರ ಕೊಳವೆಯಲ್ಲಿ ಒಳಗೆ ಬರಲಿ.

ನೆಲದ ವಿಷಯ ಎಲ್ಲರೂ ಬಲ್ಲರು. ಸಾಬೂನುನೀರಿನ ತೆಳುಪೊರೆ ಅಂಗಾಲನ್ನೂ ನೆಲವನ್ನೂ ಬೇರ್ಪಡಿಸಿ ಘರ್ಷಣೆಯನ್ನು ಕುಗ್ಗಿಸುವುದು. ಹಳೆಯ ಮನೆಗಳ ಒರಟು ಕಲ್ಲುಚಪ್ಪಡಿಯ ಉಬ್ಬುತಗ್ಗುಗಳು ಆ ಪೊರೆಯನ್ನು ಹರಿದು ಕಾಲಿಗೆ ಹಿಡಿತ ಕೊಡುತ್ತಿದ್ದುವು. ಕನ್ನಡಿಯಂತೆ ಹೊಳೆಯುವ ಈಗಿನ ಹಾಸುಬಿಲ್ಲೆಗೆ ಆ ಗುಣವಿಲ್ಲ. ಒರಟು ಬಿಲ್ಲೆ ಕೇಳಿ ಪಡೆಯಿರಿ.

ಕೊನೆಯದಾಗಿ ಬಾಗಿಲು. ಅದು ಹೊರಕ್ಕೆ ತೆರೆಯುವಂತಿರಲಿ. ಒಳಗೆ ಬಿದ್ದವರ ದೇಹವೇ ಒಳತೆರೆಯುವ ಬಾಗಿಲಿಗೆ ಅಡ್ಡವಾಗುವುದುಂಟು. ಚಿಲಕವು ಮಗುವಿನ ಕೈಗೆಟುಕದ ಎತ್ತರದಲ್ಲಿರಲಿ. ಫಿನೈಲು, ಆಸಿಡ್ಡುಗಳ ಸೀಸೆಗಳಿಗೆ ಅದಕ್ಕೂ ಎತ್ತರದಲ್ಲಿ ಬೀಗವುಳ್ಳ ಗೂಡೊಂದನ್ನು ಮಾಡಿಸಬೇಕು.