ಜೌಗುಭೂಮಿಯ ಕ್ಷೇತ್ರಾಧ್ಯಯನ: ಭರತಪುರದ ಪಾಠ

ಜೌಗುಭೂಮಿಯು ಸ್ಥಿರವಾದ ಆವಾಸವಲ್ಲ. ಮಳೆ, ಹೂಳು, ಸಸ್ಯವರ್ಗ, ಮೇಯುವ ಜಾನುವಾರು ಹಾಗೂ ಮಾನವನ ನೀರಾವರಿ ವ್ಯವಸ್ಥೆಗಳಿಗೆ ಅನುಗುಣವಾಗಿ ಅದರ ಸ್ವರೂಪ ವರ್ಷದಿಂದ ವರ್ಷಕ್ಕೆ ಮಾರ್ಪಡುತ್ತದೆ. ಆದುದರಿಂದ ಅಲ್ಲಿನ ಹಕ್ಕಿಗಳನ್ನು ಒಮ್ಮೆ ಎಣಿಸಿದ ಮಾತ್ರಕ್ಕೆ ಆವಾಸದ ಸ್ಥಿತಿಯನ್ನು ನಿರ್ಣಯಿಸಲಾಗದು. ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ ರಾಷ್ಟ್ರೀಯ ಉದ್ಯಾನವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಸುಮಾರು 29 ಚದರ ಕಿಲೋಮೀಟರ್ ವಿಸ್ತಾರದ ಈ ತಾಣ 1981ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಎಮ್ಮೆಗಳ ಮೇವಿನಿಂದ ಹಕ್ಕಿಗಳ ನೆಲೆ ಹಾಳಾಗುತ್ತದೆಂಬ ನಂಬಿಕೆಯಿಂದ 1982ರ ನವೆಂಬರಿನಲ್ಲಿ ಅಲ್ಲಿ ಮೇಯಿಸುವುದನ್ನು ನಿಷೇಧಿಸಲಾಯಿತು. ಸುತ್ತಲಿನ ಗ್ರಾಮಸ್ಥರ ಪ್ರತಿಭಟನೆ ಘರ್ಷಣೆಗೆ ತಿರುಗಿ ಪ್ರಾಣಹಾನಿಯೂ ಸಂಭವಿಸಿತು. ಅದಕ್ಕೆ ಮುನ್ನವೇ, 1980ರಲ್ಲಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಅಲ್ಲಿ ದೀರ್ಘಾವಧಿಯ ಅಧ್ಯಯನವನ್ನು ಕೈಗೊಂಡಿತ್ತು. ವಿ. ಎಸ್. ವಿಜಯನ್ ಅವರ ನೇತೃತ್ವದಲ್ಲಿ ಇದು ಒಂದು ದಶಕ ಕಾಲ ನಡೆಯಿತು.

ಇಂತಹ ಅಧ್ಯಯನಗಳ ವಿಧಾನ ಸರಳವಾದರೂ ಶಿಸ್ತನ್ನು ಬೇಡುತ್ತದೆ. ಜಲಪ್ರದೇಶವನ್ನು ಖಂಡಗಳಾಗಿ ವಿಂಗಡಿಸಿ, ನಿಶ್ಚಿತ ಸ್ಥಳಗಳಿಂದ, ದಿನದ ಒಂದೇ ವೇಳೆಯಲ್ಲಿ ಹಕ್ಕಿಗಳನ್ನು ಜಾತಿವಾರು ಎಣಿಸಲಾಗುತ್ತದೆ. ಅಳತೆಗಂಬಗಳಿಂದ ನೀರಿನ ಆಳವನ್ನೂ, ಚೌಕ ಮಾದರಿಗಳಿಂದ ಸಸ್ಯಗಳ ಹರವನ್ನೂ ತೂಕವನ್ನೂ ದಾಖಲಿಸಲಾಗುತ್ತದೆ. ಮೀನು, ಕೀಟ ಹಾಗೂ ಗೂಡುಗಳ ಲೆಕ್ಕವೂ ಜೊತೆಗಿರಬೇಕು. ಹಕ್ಕಿಗಳ ಸಂಖ್ಯೆ ಇಳಿದುದನ್ನು ಎಣಿಕೆ ತಿಳಿಸುತ್ತದೆ. ಇಳಿಕೆಯ ಕಾರಣವನ್ನು ಆವಾಸದ ಅಳತೆಗಳೊಡನೆ ಹೋಲಿಸಿಯೇ ತಿಳಿಯಬೇಕು.

ಭರತಪುರದ ಫಲಿತಾಂಶವು ನಿರೀಕ್ಷೆಗೆ ವಿರುದ್ಧವಾಗಿತ್ತು. ಎಮ್ಮೆಗಳು ಹೊರನಡೆದ ಬಳಿಕ ಪ್ಯಾಸ್ಪಾಲಮ್ ಡಿಸ್ಟೈಕಮ್ ಎಂಬ ಹುಲ್ಲು ದಟ್ಟವಾಗಿ ಹಬ್ಬಿ, ತೆರೆದ ನೀರಿನ ಪ್ರದೇಶವನ್ನು ಆವರಿಸತೊಡಗಿತು. ಬಾತುಗಳಿಗೆ ಇಳಿದು ಈಜಲು, ಆಹಾರ ಅರಸಲು ಬೇಕಾದ ಜಾಗ ಕುಗ್ಗಿತು; ಮೀನುಗಳಿಗೂ ಧಕ್ಕೆಯಾಯಿತು. ಎಮ್ಮೆಗಳು ಮೇಯುತ್ತ, ತುಳಿಯುತ್ತ ಈ ಹುಲ್ಲನ್ನು ಹತೋಟಿಯಲ್ಲಿಟ್ಟಿದ್ದವೆಂಬುದು ಆಗ ಸ್ಪಷ್ಟವಾಯಿತು. ಕಾಲಕ್ರಮೇಣ ಗ್ರಾಮಸ್ಥರಿಗೆ ಹುಲ್ಲು ಕೊಯ್ದು ಒಯ್ಯಲು ಅವಕಾಶ ಕಲ್ಪಿಸಲಾಯಿತು.

ಆದರೂ ಇಂತಹ ನಿರ್ಣಯಕ್ಕೆ ಬರುವಾಗ ಎಚ್ಚರ ಅಗತ್ಯ. 1987ರ ತೀವ್ರ ಬರಗಾಲದಂತಹ ವರ್ಷದಲ್ಲಿ ನೀರಿನ ಕೊರತೆಯೊಂದೇ ಹಕ್ಕಿಗಳನ್ನು ದೂರವಿಡಬಲ್ಲದು. ಮಳೆಯ ಪರಿಣಾಮವನ್ನೂ ಮೇವಿನ ಪರಿಣಾಮವನ್ನೂ ಬೇರ್ಪಡಿಸಲು ಹಲವು ವರ್ಷಗಳ ದತ್ತಾಂಶವೂ, ಮೇಯಿಸಿದ ಹಾಗೂ ಮೇಯಿಸದ ತಾಕುಗಳ ಹೋಲಿಕೆಯೂ ಬೇಕಾಗುತ್ತವೆ.

ನಿಷೇಧಕ್ಕೆ ಮೊದಲಿನ ದಾಖಲೆಗಳು ಇಲ್ಲದಿದ್ದರೆ ನಂತರದ ಬದಲಾವಣೆಯನ್ನು ಅಳೆಯಲು ಆಧಾರವೇ ಇರುತ್ತಿರಲಿಲ್ಲ. ಸಂರಕ್ಷಣೆಯ ಕ್ರಮವೂ ಒಂದು ಪ್ರಯೋಗವೇ. ಅದರ ಹೊರೆಯನ್ನು ಹಕ್ಕಿಗಳಷ್ಟೇ ಅಲ್ಲ, ಜನರೂ ಹೊರಬೇಕಾಗುತ್ತದೆ. ಆದ್ದರಿಂದ ಅಳತೆಯು ಆದೇಶಕ್ಕಿಂತ ಮೊದಲೇ ಆರಂಭವಾಗುವುದು ಯುಕ್ತ.